ಬತ್ತೇರಿಯಲ್ಲಿ ಬ್ಯಾಟರಿ

ಗುಂಡ್ಲುಪೇಟೆಯನ್ನು ಬಿಟ್ಟು, ಮದ್ದೂರಿನ ತಪಾಸಣಾ ಠಾಣೆಯನ್ನು ದಾಟಿ, ಬಂಡೀಪುರದ ಅರಣ್ಯದ ನಡುವೆ ಮೂಲೆಹೊಳೆಯವರೆಗೂ ಸಾಗಿ, ಅಲ್ಲಿಂದ ಮುತ್ತಂಗದ ಮಾರ್ಗವಾಗಿ ವಯನಾಡನ್ನು ಪ್ರವೇಶಿಸುವ ಪಥಿಕನಿಗೆ ಮೊದಲು ಎದುರಾಗುವ ದೊಡ್ಡ ಪೇಟೆ ಸುಲ್ತಾನ್ ಬತ್ತೇರಿ. ಮಂಗಳೂರಿನ ಬೋಳೂರಿನಲ್ಲಿ ನದಿಯ ದಡದ ಮೇಲೆ ಇದೇ ಹೆಸರಿನ ಕಾವಲು ಬುರುಜೊಂದು ಇರುವುದರಿಂದ ಕನ್ನಡಿಗರಾದ ನಮಗೆ ಈ ಹೆಸರು ಅಪರಿಚಿತವಲ್ಲ. ವಯನಾಡಿನ ಈ ಊರನ್ನು ಪೂರ್ವದಲ್ಲಿ ಗಣಪತಿವಟ್ಟಂ ಎಂದು ಕರೆಯುತ್ತಿದ್ದರು. ಜೈನರು ಇಲ್ಲಿ ನೆಲೆಸಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಹನ್ನೆರಡು ಬೀದಿ ಎಂಬ ಕನ್ನಡದ ಹೆಸರೂ ಇದಕ್ಕೆ ಇತ್ತು. ಟಿಪ್ಪುವಿನ ಸೈನ್ಯವು ಇಲ್ಲಿಯ ಪುರಾತನ ಜಿನಾಲಯವನ್ನು ಮದ್ದುಗುಂಡು, ಫಿರಂಗಿಗಳ ಉಗ್ರಾಣವನ್ನಾಗಿ ಮಾಡಿಕೊಂಡಿತೆಂದು ಹೇಳುತ್ತಾರೆ. ಆ ಫಿರಂಗಿಗಳ ನೆನಪಿನಿಂದ ಇಂಗ್ಲಿಷರು ಇದನ್ನು ಸುಲ್ತಾನನ ಬ್ಯಾಟರಿ ಎಂದರು. ಜನರ ಬಾಯಲ್ಲಿ ಅದು ಬತ್ತೇರಿಯಾಗಿ ನಿಂತಿತು. ಇನ್ನೊಂದು ಕಡೆ, ೧೭೪೯ರಲ್ಲಿ ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನು ವಿದ್ಯುತ್ತನ್ನು ತುಂಬಿಡುವ ಗಾಜಿನ ಸಾಧನಗಳನ್ನು ಸಾಲಾಗಿ ಜೋಡಿಸಿ, ಅವೆಲ್ಲ ಒಮ್ಮೆಗೇ ಸಿಡಿಯುವ ಪರಿಯನ್ನು ಕಂಡು, ಫಿರಂಗಿಗಳ ಸಾಲಿಗೆ ಸಲ್ಲುತ್ತಿದ್ದ ಅದೇ ಬ್ಯಾಟರಿ ಎಂಬ ಹೆಸರನ್ನು ಅವುಗಳಿಗೆ ಕೊಟ್ಟನು. ಹೀಗೆ ಈ ಪೇಟೆಯೂ, ಪೇಟೆಯ ಪ್ರತಿಯೊಂದು ಅಂಗಡಿಯಲ್ಲಿ ಈಗ ಮಾರಾಟವಾಗುವ ಬೆರಳುದ್ದದ ವಿದ್ಯುತ್ಕೋಶವೂ ಒಂದೇ ಶಬ್ದದ ಎರಡು ಸಂತಾನಗಳು. ಈ ಸೋದರ ಸಂಬಂಧದಲ್ಲಿ ಮದ್ದುಗುಂಡಿನ ಗುಣ ಯಾರ ಪಾಲಿಗೆ ಹೆಚ್ಚಾಗಿ ಬಂದಿದೆಯೆಂಬುದು ಮೊನ್ನೆ ಮಾಘಮಾಸದಲ್ಲಿ ಅಲ್ಲಿಗೆ ಹೋಗಿದ್ದಾಗ ನನ್ನ ಮನಸ್ಸಿಗೆ ಹತ್ತಿದ ವಿಚಾರ.

ನಾನು ಅತಿಥಿಯಾಗಿದ್ದುದು ಅರಣ್ಯದ ಅಂಚಿನಲ್ಲಿ ಕಾಫಿ, ಮೆಣಸು ಮತ್ತು ಸ್ವಲ್ಪ ಗದ್ದೆಯನ್ನು ಇಟ್ಟುಕೊಂಡಿರುವ ಮಿತ್ರರೊಬ್ಬರ ಮನೆಯಲ್ಲಿ. ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ವಯನಾಡಿನಲ್ಲಿ ಬೇರೂರಿದ ಗೌಡ ಮನೆತನದ ಜೈನರು ಅವರು. ಹೊಸ್ತಿಲಿನ ಒಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಮಧ್ಯಾಹ್ನದ ಹೊತ್ತಿಗೆ ಬರಿಗಾಲಿಡಲಾಗದಷ್ಟು ಕಾದ ಸಿಮೆಂಟಿನ ಕಣದಲ್ಲಿ ರೊಬಸ್ಟಾ ಕಾಫಿ ಒಣಗುತ್ತಿತ್ತು. ಎಂಬತ್ತನ್ನು ದಾಟಿದ ಗೌಡರ ತಾಯಿ ಕೈಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಬಂದು, ಕಾಫಿಯ ರಾಶಿಯ ಪಕ್ಕದಲ್ಲಿ ಎರಡು ಸೆಲ್ಲುಗಳನ್ನು, ಹಪ್ಪಳ ಹರವಿದಷ್ಟೇ ಜೋಕೆಯಿಂದ, ಬಿಸಿಲಿಗೆ ಇಟ್ಟರು. ರಜೆಗೆ ಬಂದಿದ್ದ ಮೊಮ್ಮಗ ಜಗುಲಿಯಿಂದಲೇ ಕೂಗಿಕೊಂಡ.

“ಅಜ್ಜೀ, ಅದನ್ನ ಬಿಸಿಲಿಗೆ ಇಡಬಾರದು! ಸಿಡೀತದೆ!”

“ಯಾಕಪ್ಪ? ನಿನ್ನ ತಾತ ಇದ್ದಾಗಿಂದ ಬ್ಯಾಟ್ರಿ ಸೆಲ್ಲು ನಾನೇ ಒಣಗಿಸ್ತಾ ಬಂದಿದೀನಿ. ಒಂದಾದರೂ ಸಿಡಿದಿದೆಯಾ?”

ವೃದ್ಧೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬ್ಯಾಟರಿ ಎಂದರೆ ಟಾರ್ಚು. ಅದರೊಳಗೆ ತುಂಬುವುದು ಸೆಲ್ಲು. ಮೂರು ಸೆಲ್ಲಿನ ಉದ್ದನೆಯ ತಗಡಿನ ಬ್ಯಾಟರಿಯನ್ನು ಬಗಲಲ್ಲಿ ಇರುಕಿಕೊಂಡು ಗದ್ದೆಯ ಕಾವಲಿಗೆ ಹೋಗುತ್ತಿದ್ದ ಕಾಲದಲ್ಲಿ, ಬೆಳಕು ಮಂಕಾಯಿತೆಂದರೆ ಸೆಲ್ಲುಗಳನ್ನು ತೆಗೆದು ಒಂದು ಹಗಲು ಬಿಸಿಲು ಕಾಣಿಸಿ ಇನ್ನೊಂದು ರಾತ್ರಿಯ ಕೆಲಸವನ್ನು ಅವುಗಳಿಂದ ವಸೂಲು ಮಾಡುವುದು ಮನೆಮನೆಯ ಪದ್ಧತಿಯಾಗಿತ್ತು. ಸತುವಿನ ಡಬ್ಬಿಯೊಳಗೆ ನವಸಾಗರದ ಸರಿಯನ್ನೂ ಮ್ಯಾಂಗನೀಸಿನ ಕಪ್ಪು ಪುಡಿಯನ್ನೂ ತುಂಬಿ ಮಾಡುತ್ತಿದ್ದ ಆ ಸೆಲ್ಲು ಕಾವಿಗೆ ತುಸು ಚೇತರಿಸಿಕೊಳ್ಳುತ್ತಿದ್ದುದು ದಿಟ. ಮುನಿದರೆ ಅದು ಒಸರಿ ಟಾರ್ಚಿನ ಹೊಟ್ಟೆಯನ್ನು ತುಕ್ಕು ಹಿಡಿಸುತ್ತಿತ್ತು. ಅದಕ್ಕಿಂತ ಹೆಚ್ಚಿನ ಅಪರಾಧವನ್ನು ಅದು ಮಾಡಿದ್ದು ಅಪರೂಪ. ಅಜ್ಜಿಯ ಕೈಯಲ್ಲಿದ್ದುದು ಆಕಾರದಲ್ಲಿ ಅದರ ತಮ್ಮನಂತೆ ತೋರುವ ಬೇರೊಂದು ಪ್ರಾಣಿ.

ಹದಿನೆಂಟು ಮಿಲಿಮೀಟರ್ ವ್ಯಾಸ, ಅರವತ್ತೈದು ಮಿಲಿಮೀಟರ್ ಉದ್ದ. ಈ ಅಳತೆಗಳನ್ನೇ ಕೂಡಿಸಿ ಇದಕ್ಕೆ ೧೮೬೫೦ ಎಂಬ ಸಂಖ್ಯಾನಾಮವನ್ನು ಕೊಟ್ಟಿದ್ದಾರೆ. ಇದು ಲಿಥಿಯಂ-ಅಯಾನ್ ಜಾತಿಯದು. ಆ ಜಾತಿಯ ಕೋಶಗಳನ್ನು ಸೋನಿ ಕಂಪನಿ ೧೯೯೧ರಲ್ಲಿ ಮೊದಲು ಮಾರುಕಟ್ಟೆಗೆ ತಂದಿತು. ಇದರ ಮೂಲತತ್ತ್ವಗಳನ್ನು ಶೋಧಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಹಳೆಯ ಸೆಲ್ಲಿನ ಒಂದೂವರೆ ವೋಲ್ಟಿಗೆ ಪ್ರತಿಯಾಗಿ ಇದು ಪೂರ್ಣವಾಗಿ ತುಂಬಿದಾಗ ೪.೨ ವೋಲ್ಟು ತೋರುತ್ತದೆ. ಒಳಗೆ ಎರಡು ಲೋಹದ ಹಾಳೆಗಳು, ಅವುಗಳ ನಡುವೆ ಕೂದಲೆಳೆಗಿಂತಲೂ ತೆಳ್ಳಗಿನ ಪ್ಲಾಸ್ಟಿಕ್ಕಿನ ಪೊರೆ, ಇವೆಲ್ಲವನ್ನೂ ಚಾಪೆಯಂತೆ ಸುರುಳಿ ಸುತ್ತಿ, ಹತ್ತಿ ಉರಿಯುವ ಸ್ವಭಾವದ ದ್ರವದಲ್ಲಿ ನೆನೆಸಿ ಉಕ್ಕಿನ ಡಬ್ಬಿಯಲ್ಲಿ ಅಡಕಿರುತ್ತಾರೆ. ಆ ಪೊರೆಯು ಸುಮಾರು ೧೩೦ ಡಿಗ್ರಿ ಕಾವಿಗೆ ಕರಗುತ್ತದೆ. ಕರಗಿದೊಡನೆ ಎರಡು ಹಾಳೆಗಳೂ ಒಂದನ್ನೊಂದು ಮುಟ್ಟಿ, ಆ ಸ್ಪರ್ಶದಿಂದ ಇನ್ನಷ್ಟು ಕಾವು ಹುಟ್ಟಿ, ಆ ಕಾವಿನಿಂದ ಒಳಗಿನ ಆಕ್ಸೈಡು ತಾನೇ ಪ್ರಾಣವಾಯುವನ್ನು ಬಿಡುಗಡೆ ಮಾಡಿ, ಹೊರಗಿನ ಗಾಳಿಯ ಹಂಗಿಲ್ಲದೆ ಉರಿಯುವ ಬೆಂಕಿಯೊಂದು ಕ್ಷಣಾರ್ಧದಲ್ಲಿ ಸಿದ್ಧವಾಗುತ್ತದೆ. ಕಣದ ಬಿಸಿಲು ಮಾತ್ರದಿಂದ ಒಳ್ಳೆಯ ಸೆಲ್ಲು ಈ ಸ್ಥಿತಿಗೆ ಬಾರದು. ಕೆಟ್ಟ ಸೆಲ್ಲಿನ ವಿಷಯದಲ್ಲಿ ಹಾಗೆ ಹೇಳುವ ಧೈರ್ಯ ನನಗಿಲ್ಲ. ಭೌತಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟರಾದ ನಾನೂ ಮೊಮ್ಮಗನ ಪಕ್ಷ ವಹಿಸಿದೆ. ಅಜ್ಜಿ ಒಪ್ಪದೆ, ಒಪ್ಪಿದಂತೆ ನಟಿಸಿ, ಸೆಲ್ಲುಗಳನ್ನು ನೆರಳಿಗೆ ಎತ್ತಿಟ್ಟರು.

ಒಳ್ಳೆಯದು ಯಾವುದು, ಕೆಟ್ಟದು ಯಾವುದು ಎಂಬುದರ ಪರೀಕ್ಷೆಯು ಆ ಸಂಜೆ ಬತ್ತೇರಿಯ ಮೆಣಸಿನ ಮಂಡಿಯೊಂದರಲ್ಲಿ ನಡೆಯಿತು. ಮೆಣಸಿನ ವ್ಯಾಪಾರದಲ್ಲಿ ಲೀಟರ್ ತೂಕ ಎಂಬ ಒಂದು ಮಾತುಂಟು. ಕಣ್ಣಿಗೆ ಎಷ್ಟೇ ಕರಿದಾಗಿ, ದುಂಡಗಾಗಿ ತೋರಲಿ, ಒಂದು ಲೀಟರಿನ ಪಾತ್ರೆಗೆ ತುಂಬಿ ತೂಗಿದಾಗ ಐದುನೂರೈವತ್ತು ಗ್ರಾಮಿನ ಆಸುಪಾಸಿಗೆ ಬಂದರೆ ಅದು ಗಟ್ಟಿ ಮೆಣಸು; ಬಹಳ ಕೆಳಗೆ ನಿಂತರೆ ಒಳಗೆ ಜೊಳ್ಳು. ಗೌಡರು ಮಾದರಿಯ ಮೆಣಸನ್ನು ತೂಗಿಸುತ್ತಿದ್ದಾಗ, ಜೇಬಿನಲ್ಲಿ ಒಂದೊಂದನ್ನೂ ಕಾಗದದಲ್ಲಿ ಸುತ್ತಿ ತಂದಿದ್ದ ಆ ಎರಡು ಸೆಲ್ಲುಗಳನ್ನು ನಾನು ಅದೇ ತಕ್ಕಡಿಯ ಮೇಲೆ ಇಡಿಸಿದೆ. ಮೈಸೂರಿನಿಂದ ಬಿಲ್ಲು ಸಹಿತ ಕೊಂಡು ತಂದಿದ್ದ, ಮೈಮೇಲೆ ೨೫೦೦ ಎಂದು ಸಣ್ಣಗೆ ಬರೆದಿದ್ದ ಸೆಲ್ಲು ೪೫ ಗ್ರಾಮ್ ತೂಗಿತು. ಸಂತೆಯಲ್ಲಿ ಕೊಂಡ, ತಲೆಗೆ ಕಟ್ಟುವ ಹೆಡ್‌ಲೈಟಿನೊಳಗಿಂದ ಬಂದ, ಕೆಂಪು ಹೊದಿಕೆಯ ಮೇಲೆ ೯೯೦೦ ಎಂದು ದಪ್ಪಕ್ಷರದಲ್ಲಿ ಘೋಷಿಸಿಕೊಂಡಿದ್ದ ಸೆಲ್ಲು ೨೯ ಗ್ರಾಮಿಗೆ ನಿಂತಿತು. ಮಂಡಿಯವನು ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, ಕೆಂಪನೆಯದನ್ನು ನನ್ನತ್ತ ಸರಿಸಿ, ಇದು ಜೊಳ್ಳೆಂದು ಮಲಯಾಳದಲ್ಲಿ ಹೇಳಿ ನಕ್ಕನು. ರಸಾಯನಶಾಸ್ತ್ರದ ಗಂಧವಿಲ್ಲದ ಆತನ ತೀರ್ಪಿಗೆ ಯಾವ ಪ್ರಯೋಗಶಾಲೆಯೂ ತಿದ್ದುಪಡಿ ಸೂಚಿಸಲಾರದು.

ಏಕೆಂದರೆ ಈ ಗಾತ್ರದ ಡಬ್ಬಿಯಲ್ಲಿ ಪ್ರಸಿದ್ಧ ಕಾರ್ಖಾನೆಗಳು ಸಾಮಾನ್ಯವಾಗಿ ತುಂಬುವ ಶಕ್ತಿಯ ಮೇಲ್ಮಿತಿ ಸುಮಾರು ೩೫೦೦ ಮಿಲಿಆಂಪಿಯರ್-ಅವರ್. ಅದಕ್ಕಿಂತ ಬಹಳ ಮೇಲಿನ ಅಂಕಿ, ಅದು ೫೮೦೦ ಇರಲಿ, ೯೯೦೦ ಇರಲಿ, ಸೇರು ಪಾತ್ರೆಯಲ್ಲಿ ಮೂರು ಸೇರು ಅಕ್ಕಿ ಹಿಡಿಸಿದೆನೆಂದು ಹೇಳುವವನ ಲೆಕ್ಕ. ಇಂತಹ ಸೆಲ್ಲುಗಳನ್ನು ಬಿಚ್ಚಿ ನೋಡಿದವರಿಗೆ ಒಳಗೆ ಸಣ್ಣದೊಂದು ಕೋಶವೂ ಉಳಿದ ಜಾಗದಲ್ಲಿ ಬರಿಯ ಪುಡಿಯೂ ಸಿಕ್ಕಿದ್ದುಂಟು. ಇನ್ನೊಂದು ಬಗೆಯ ವಂಚನೆ ಇದಕ್ಕಿಂತ ಸೂಕ್ಷ್ಮವಾದುದು: ಹಾಳಾದ ಲ್ಯಾಪ್‌ಟಾಪುಗಳ ಗರ್ಭದಿಂದ ಕಿತ್ತ, ಆಯುಸ್ಸು ತೀರುತ್ತ ಬಂದ ಸೆಲ್ಲುಗಳಿಗೆ ಹೊಸ ಬಣ್ಣದ ಹೊದಿಕೆ ತೊಡಿಸಿ, ಬಿಸಿಗಾಳಿಯಿಂದ ಅದನ್ನು ಮೈಗಂಟಿಸಿ, ಪ್ರಸಿದ್ಧ ಕಂಪನಿಯೊಂದರ ಹೆಸರನ್ನೂ ಮುದ್ರಿಸಿ ಮಾರುವುದು. ಇವು ತೂಕದಲ್ಲಿ ಸರಿಯಾಗಿಯೇ ಇರುವುದರಿಂದ ಮಂಡಿಯ ತಕ್ಕಡಿಗೂ ಸಿಕ್ಕುವುದಿಲ್ಲ. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಇವುಗಳನ್ನು ಹಿಡಿಯಲು ಇರುವ ಸುಲಭೋಪಾಯ, ಮಾರಿದವನು ನಾಳೆಯೂ ಅದೇ ಅಂಗಡಿಯಲ್ಲಿ ಕುಳಿತಿರುತ್ತಾನೆಯೇ, ಬಿಲ್ಲು ಕೊಡುತ್ತಾನೆಯೇ ಎಂದು ವಿಚಾರಿಸುವುದು.

ಈ ಸೆಲ್ಲುಗಳನ್ನು ಆರಿಸುವ ವಿದ್ಯೆಯನ್ನು ಲೋಕಕ್ಕೆ ಹೆಚ್ಚಾಗಿ ಕಲಿಸಿದವರು ಯಾರೆಂದು ಕೇಳಿದರೆ ಓದುಗರಿಗೆ ಆಶ್ಚರ್ಯವಾದೀತು. ಇ-ಸಿಗರೇಟು ಅಥವಾ ವೇಪ್ ಎಂಬ, ನಿಕೋಟಿನ್ ಬೆರೆತ ದ್ರವವನ್ನು ಕಾಯಿಸಿ ಹಬೆ ಮಾಡಿ ಸೇದುವ ಉಪಕರಣದ ವ್ಯಸನಿಗಳು. ನಮ್ಮ ದೇಶದಲ್ಲಿ ಅದು ನಿಷಿದ್ಧ ವಸ್ತು. ಕರ್ನಾಟಕವು ೨೦೧೬ರಲ್ಲಿಯೇ ಅದನ್ನು ತಡೆದಿತ್ತು. ೨೦೧೯ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆಯೂ ಅದೇ ವರ್ಷದ ಡಿಸೆಂಬರಿನಲ್ಲಿ ಶಾಸನವೂ ಬಂದು, ಅದರ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆಮನೆಯನ್ನೋ ಒಂದು ಲಕ್ಷ ರೂಪಾಯಿವರೆಗೆ ದಂಡವನ್ನೋ ಎರಡನ್ನೂ ಒಟ್ಟಾಗಿಯೋ ವಿಧಿಸಲು ಅವಕಾಶವಾಯಿತು. ಆ ನಿಷೇಧ ಸರಿಯೆಂದೇ ನನ್ನ ಅಭಿಪ್ರಾಯ. ಅದನ್ನು ಸೇದಲು ಯಾವ ಬ್ಯಾಟರಿ ಕ್ಷೇಮವೆಂದು ಯಾರಾದರೂ ಕೇಳಿದರೆ, ಆ ಉಪಕರಣವನ್ನೇ ಕೊಳ್ಳದಿರುವುದು ಕ್ಷೇಮ ಎಂದು ಹೇಳಿ ಮುಗಿಸುತ್ತೇನೆ. ಆದರೆ ಸಮುದ್ರದಾಚೆ ಅದನ್ನು ಬಳಸಿದವರು ತಮ್ಮ ತೊಡೆಗಳನ್ನೂ ತುಟಿಗಳನ್ನೂ ಸುಟ್ಟುಕೊಂಡು ಸಂಪಾದಿಸಿದ ತಿಳಿವಳಿಕೆಯನ್ನು ನಾವು ಏಕೆ ತಿರಸ್ಕರಿಸಬೇಕು? ಅವರ ಕೈಯಲ್ಲಿ ಸಿಡಿದ ಸೆಲ್ಲೂ ನಮ್ಮ ಗದ್ದೆಯ ಕಾವಲುಗಾರನ ಹಣೆಯ ಮೇಲೆ ಉರಿಯುವ ಸೆಲ್ಲೂ ಒಂದೇ ಅಳತೆಯವು, ಎಷ್ಟೋ ಸಲ ಒಂದೇ ಕಾರ್ಖಾನೆಯವು.

ಅವರು ಕಲಿತ ಮೊದಲ ಪಾಠ, ಸೆಲ್ಲಿನಲ್ಲಿ ಎಷ್ಟು ತುಂಬಿದೆ ಎಂಬುದು ಬೇರೆ, ಅದರಿಂದ ಒಮ್ಮೆಗೆ ಎಷ್ಟನ್ನು ಹರಿಸಬಹುದು ಎಂಬುದು ಬೇರೆ ಎಂಬುದು. ಕೆರೆಯ ಕೆಳಗೆ ಬೇಸಾಯ ಮಾಡುವ ನಮಗೆ ಇದು ಹೊಸದಲ್ಲ. ಕೆರೆ ಎಷ್ಟೇ ವಿಶಾಲವಾಗಿರಲಿ, ತೂಬಿನ ಅಳತೆಯನ್ನು ಮೀರಿ ನೀರು ಸೆಳೆಯಹೋದರೆ ಏರಿಗೆ ಅಪಾಯ. ಮಿಲಿಆಂಪಿಯರ್-ಅವರ್ ಎಂಬುದು ಕೆರೆಯ ನೀರು. ನಿರಂತರವಾಗಿ ಹರಿಸಬಹುದಾದ ಆಂಪಿಯರ್ ಎಂಬುದು ತೂಬು. ಒಂದೇ ಗಾತ್ರದ ಡಬ್ಬಿಯಲ್ಲಿ ಒಂದನ್ನು ಹಿಗ್ಗಿಸಿದರೆ ಇನ್ನೊಂದು ಕುಗ್ಗುವುದು ಅನಿವಾರ್ಯ: ಒಳ್ಳೆಯ ಕಾರ್ಖಾನೆಗಳ ೨೫೦೦ರ ಸೆಲ್ಲು ಸಾಮಾನ್ಯವಾಗಿ ೨೦ ಆಂಪಿಯರನ್ನು ತಾಳಿದರೆ, ೩೦೦೦ದ್ದು ೧೫ಕ್ಕೂ ೩೫೦೦ದ್ದು ೮ ಅಥವಾ ೧೦ಕ್ಕೂ ನಿಲ್ಲುತ್ತದೆ. ಎಂಬತ್ತು ವ್ಯಾಟಿನ ವೇಪ್ ಒಂದನ್ನು ಒಂದೇ ಸೆಲ್ಲಿನಿಂದ ನಡೆಸಹೊರಟವನು ಅದು ತುಂಬಿದ್ದಾಗ ೧೯ ಆಂಪಿಯರನ್ನು ಸೆಳೆಯುತ್ತಾನೆ; ಸೆಲ್ಲು ಬಳಲಿ ೩.೨ ವೋಲ್ಟಿಗೆ ಇಳಿದಾಗ, ಅದೇ ಎಂಬತ್ತು ವ್ಯಾಟನ್ನು ಪೂರೈಸಲು ಉಪಕರಣವು ೨೫ ಆಂಪಿಯರನ್ನು ಹಿಂಡುತ್ತದೆ. ದಣಿದ ಎತ್ತಿಗೇ ಬಾರುಕೋಲು ಹೆಚ್ಚು. ಹೊಗೆಯ ಮೋಡಕ್ಕಾಗಿ ದೊಡ್ಡ ಅಂಕಿಯ ಸೆಲ್ಲನ್ನೇ ಹುಡುಕಿ ಕೊಂಡು, ಅದರ ತೂಬು ಸಣ್ಣದೆಂಬುದನ್ನು ಅರಿಯದೆ ಕೆಟ್ಟವರು ಅನೇಕರು. ನಮ್ಮ ಹೆಡ್‌ಲೈಟಿನ ಹಸಿವು ಇಷ್ಟಿಲ್ಲ. ನಿಜವಾಗಿ ಹತ್ತು ವ್ಯಾಟಿನದಾದರೆ ಮೂರು ಆಂಪಿಯರಿನಲ್ಲಿ ಅದರ ಹೊಟ್ಟೆ ತುಂಬುತ್ತದೆ. ಒಳ್ಳೆಯ ಸೆಲ್ಲಿಗೆ ಅದು ಆಟ. ಆದರೆ ೨೯ ಗ್ರಾಮಿನ ಜೊಳ್ಳು ಸೆಲ್ಲಿಗೆ ಮೂರು ಆಂಪಿಯರೂ ಭಾರವಾಗಬಹುದು, ಮತ್ತು ಅದು ಉರಿಯುವುದು ಜೇಬಿನಲ್ಲಲ್ಲ, ಹುಬ್ಬಿನಿಂದ ಎರಡಂಗುಲ ಮೇಲೆ.

ಜೇಬಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಅಮೆರಿಕೆಯ ಅಗ್ನಿಶಾಮಕ ಆಡಳಿತವು ೨೦೧೭ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ೨೦೦೯ರಿಂದ ೨೦೧೬ರವರೆಗೆ ಆ ದೇಶದ ಸುದ್ದಿ ಮಾಧ್ಯಮಗಳಲ್ಲಿ ವರದಿಯಾದ ಇ-ಸಿಗರೇಟಿನ ಬೆಂಕಿ-ಸ್ಫೋಟಗಳು ೧೯೫ ಎಂದು ಲೆಕ್ಕವಿದೆ. ಅವುಗಳಲ್ಲಿ ೬೧ ನಡೆದುದು ಉಪಕರಣವೋ ಬಿಡಿ ಸೆಲ್ಲೋ ಜೇಬಿನಲ್ಲಿದ್ದಾಗ. ಸೇದುತ್ತಿಲ್ಲದ, ಏನನ್ನೂ ಮಾಡುತ್ತಿಲ್ಲದ ಮನುಷ್ಯನ ಜೇಬಿನಲ್ಲಿ! ಕಾರಣ ಸರಳವಾದುದು. ಈ ಸೆಲ್ಲಿನ ತಳ ಮಾತ್ರವಲ್ಲ, ಸುತ್ತಲಿನ ಇಡೀ ಉಕ್ಕಿನ ಮೈಯೇ ಋಣಧ್ರುವ. ಮೇಲ್ತುದಿಯ ಗುಂಡಿ ಮಾತ್ರ ಧನಧ್ರುವ. ಎರಡರ ನಡುವೆ ಇರುವುದು ಬಳೆಯಂತಹ ಒಂದು ಕಿರಿದಾದ ಅಂತರ ಮತ್ತು ಮೈಗಂಟಿದ ತೆಳು ಪ್ಲಾಸ್ಟಿಕ್ಕು. ಬೀಗದ ಕೈಯೋ ಎರಡು ನಾಣ್ಯಗಳೋ ಆ ಅಂತರಕ್ಕೆ ಸೇತುವೆಯಾದರೆ, ಹೊದಿಕೆಯು ಉಗುರಿನಷ್ಟು ಹರಿದಿದ್ದರೆ, ಸೆಲ್ಲು ತನ್ನಲ್ಲಿರುವುದನ್ನೆಲ್ಲ ಒಮ್ಮೆಗೇ ಸುರಿದುಬಿಡುತ್ತದೆ. ಬಿಡಿ ಲಿಥಿಯಂ ಸೆಲ್ಲನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ, ತುದಿಗಳನ್ನು ಮುಚ್ಚಿಯೇ ಒಯ್ಯಬೇಕೆಂಬ ನಿಯಮವಿರುವುದು ಇದಕ್ಕಾಗಿ. ನಮ್ಮ ಕಾವಲುಗಾರರು ಅದನ್ನು ಮುಂಡಿನ ಮಡಿಕೆಯಲ್ಲಿ, ಎಲೆಯಡಿಕೆ, ಸುಣ್ಣದ ಡಬ್ಬಿ ಮತ್ತು ಚಿಲ್ಲರೆಯ ಸಂಗಡ ಸಿಕ್ಕಿಸಿಕೊಂಡು ಅಟ್ಟಣೆ ಏರುತ್ತಾರೆ.

ಎರಡು ಸೆಲ್ಲು ಹಾಕುವ ಟಾರ್ಚುಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಹೊಸದೊಂದು, ಹಳೆಯದೊಂದು ಸೇರಿಸಿದರೆ, ದುರ್ಬಲವಾದುದು ಮೊದಲು ಬರಿದಾಗಿ, ಬಲವಾದುದು ಅದರ ಮೂಲಕ ಪ್ರವಾಹವನ್ನು ನೂಕುತ್ತಲೇ ಹೋಗಿ, ಬಡ ಸೆಲ್ಲು ತಲೆಕೆಳಗಾಗಿ ತುಂಬಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಅದಕ್ಕೆ ಆಯುಸ್ಸಿಲ್ಲ, ಮನೆಗೆ ಕ್ಷೇಮವಿಲ್ಲ. ಏಕಕಾಲದಲ್ಲಿ ಕೊಂಡ, ಏಕರೂಪದ ಎರಡನ್ನು ಜೋಡಿಯಾಗಿಯೇ ಬಳಸಿ, ಜೋಡಿಯಾಗಿಯೇ ತುಂಬಿ, ಜೋಡಿಯಾಗಿಯೇ ನಿವೃತ್ತಿಗೊಳಿಸಬೇಕು. ಜೋಡೆತ್ತು ಕಟ್ಟಿ ಉತ್ತವರಿಗೆ ನಾನು ಇದನ್ನು ವಿವರಿಸಹೋಗುವುದು ಅಧಿಕಪ್ರಸಂಗ.

ತುಂಬಿಸುವ ಕೆಲಸವಂತೂ ನಮ್ಮಲ್ಲಿ ಅತ್ಯಂತ ಉಪೇಕ್ಷೆಗೆ ಗುರಿಯಾಗಿದೆ. ತುಂಬಿದೊಡನೆ ತಾನಾಗಿ ನಿಲ್ಲುವ ಚಾರ್ಜರು ಬೇಕು, ೪.೨ ವೋಲ್ಟನ್ನು ಮೀರಿ ತುಂಬಿಸಿದರೆ ಸೆಲ್ಲಿನ ಒಳಗೆ ಲಿಥಿಯಂ ಲೋಹವು ಮುಳ್ಳುಗಳಾಗಿ ಬೆಳೆದು ಆ ತೆಳು ಪೊರೆಯನ್ನು ಚುಚ್ಚತೊಡಗುತ್ತದೆ. ಗೌಡರ ಮನೆಯಲ್ಲಿಯೇ ಎರಡು ವರ್ಷದ ಹಿಂದೆ, ಇದೇ ಕೆಂಪು ಸೆಲ್ಲಿನ ಸಹೋದರನೊಂದು ರಾತ್ರಿಯಿಡೀ ಗೋಡೆಯ ಪ್ಲಗ್ಗಿನಲ್ಲಿ ಉಳಿದು ಬೆಳಗಿನ ಜಾವ ಸಿಡಿದು, ಕಿಟಕಿಯ ಪರದೆಯನ್ನು ಸುಟ್ಟು, ತೇಗದ ಚೌಕಟ್ಟಿನಲ್ಲಿ ಅಂಗೈಯಗಲದ ಕಪ್ಪು ಕಲೆಯನ್ನು ಬಿಟ್ಟುಹೋಗಿದೆ. ಅದನ್ನು ಕೊಟ್ಟ ಅಂಗಡಿಗೆ ಅವರು ಹೋಗಿ ಕೇಳಿದಾಗ, ಕೊಂಡ ಗುರುತೇನಿದೆಯೆಂದು ಕೇಳಿದರಂತೆ. ಗುರುತು ಚೌಕಟ್ಟಿನ ಮೇಲಿತ್ತು, ಬಿಲ್ಲು ಇರಲಿಲ್ಲ. ಅಂತಹ ಸಂದರ್ಭದಲ್ಲಿ ಮಾಡಬೇಕಾದುದು ಇಷ್ಟು: ಉರಿಯುವುದನ್ನು ಕೈಯಲ್ಲಿ ಮುಟ್ಟದೆ, ಅದರ ಹೊಗೆಯನ್ನು ಸೇವಿಸದೆ, ಮೊದಲು ಮೇನ್ ಸ್ವಿಚ್ ಆರಿಸಿ, ಅನಂತರ ಧಾರಾಳವಾಗಿ ನೀರು ಸುರಿಯುವುದು. ಲಿಥಿಯಂ ಎಂದರೆ ನೀರು ಹಾಕಬಾರದೆಂದು ಶಾಲೆಯಲ್ಲಿ ಕಲಿತದ್ದು ಶುದ್ಧ ಲೋಹದ ಮಾತು. ಈ ಸೆಲ್ಲಿಗೆ ಬೇಕಾದುದು ತಂಪು.

ಇಷ್ಟೆಲ್ಲ ಬರೆದ ಮೇಲೆ, ಇವೆಲ್ಲವನ್ನೂ ಕೊಳ್ಳುವವನೇ ಅರಿತು ನಡೆಯಬೇಕೆಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಒಗ್ಗದು. ನನ್ನ ನಿಜವಾದ ತಕರಾರು ಇಲ್ಲಿದೆ. ಭಾರತೀಯ ಮಾನಕ ಬ್ಯೂರೋ ಇಂತಹ ಕೋಶಗಳಿಗಾಗಿ ಐಎಸ್ ೧೬೦೪೬ ಎಂಬ ಮಾನದಂಡವನ್ನು ನಿಗದಿಪಡಿಸಿದೆ, ನೋಂದಣಿ ಕಡ್ಡಾಯ, ನೋಂದಾಯಿತ ಸೆಲ್ಲಿನ ಮೈಮೇಲೆಯೋ ಪೊಟ್ಟಣದ ಮೇಲೆಯೋ ಆರ್ ಅಕ್ಷರದಿಂದ ಮೊದಲಾಗುವ ಎಂಟು ಅಂಕಿಗಳ ಸಂಖ್ಯೆ ಇರಬೇಕು, ಆ ಸಂಖ್ಯೆ ಯಾರದೆಂಬುದನ್ನು ಬ್ಯೂರೋದ ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಯಾರು ಬೇಕಾದರೂ ನೋಡಬಹುದು. ನಿಯಮ ಇಷ್ಟು ಸೊಗಸಾಗಿದೆ. ಆದರೆ ನಾನು ಬತ್ತೇರಿಯಲ್ಲಿ ಒಂದು ಸಂಜೆ ಸುತ್ತಿದ ಐದು ಅಂಗಡಿಗಳಲ್ಲಿ ಬಿಡಿಯಾಗಿ, ಬಾಳೆಹಣ್ಣಿನಂತೆ ಬುಟ್ಟಿಯಲ್ಲಿ, ಮಾರುತ್ತಿದ್ದ ಸೆಲ್ಲುಗಳಲ್ಲಿ ಆ ಸಂಖ್ಯೆಯಿದ್ದುದು ಎರಡು ಕಡೆ ಮಾತ್ರ. ಗುಂಡ್ಲುಪೇಟೆಯಲ್ಲಿ ನೋಡಿದ್ದರೂ ಇದಕ್ಕಿಂತ ಉತ್ತಮವಾಗಿರುತ್ತಿತ್ತೆಂದು ನಾನು ಪಣ ಕಟ್ಟಲಾರೆ. ಅಮೆರಿಕೆಯ ಗ್ರಾಹಕ ವಸ್ತು ಸುರಕ್ಷತಾ ಆಯೋಗವು ೨೦೨೧ರ ಜನವರಿಯಲ್ಲಿ, ಬಿಡಿ ೧೮೬೫೦ ಸೆಲ್ಲುಗಳನ್ನು ಕೊಳ್ಳಲೂ ಬೇಡಿರಿ, ಬಳಸಲೂ ಬೇಡಿರಿ ಎಂದು ತನ್ನ ಜನರಿಗೆ ನೇರವಾಗಿ ಎಚ್ಚರಿಕೆ ಕೊಟ್ಟಿತು. ಕಾರ್ಖಾನೆಯವರು ಈ ಸೆಲ್ಲನ್ನು ಮಾಡುವುದು ರಕ್ಷಣಾ ವಿದ್ಯುನ್ಮಂಡಲವನ್ನು ಒಳಗೊಂಡ ಕಟ್ಟುಗಳಲ್ಲಿ, ಲ್ಯಾಪ್‌ಟಾಪು, ಗರಗಸ, ವಾಹನಗಳಲ್ಲಿ ಅಡಗಿಸುವುದಕ್ಕೇ ಹೊರತು ಬುಟ್ಟಿಯಲ್ಲಿ ಹರಡುವುದಕ್ಕಲ್ಲ. ಆದುದರಿಂದ ಸೆಲ್ಲನ್ನು ಹೊರತೆಗೆಯುವ ಪ್ರಮೇಯವೇ ಇಲ್ಲದ, ರಕ್ಷಣಾ ಮಂಡಲವನ್ನು ಒಳಗಿಟ್ಟುಕೊಂಡ, ತಯಾರಕನ ಹೆಸರೂ ವಿಳಾಸವೂ ಇರುವ ಟಾರ್ಚನ್ನೇ ಕೊಳ್ಳುವುದು ಮೇಲು. ಬಿಡಿ ಸೆಲ್ಲು ಬೇಕೇ ಬೇಕಾದರೆ ರಕ್ಷಣಾ ಮಂಡಲವಿರುವುದು, ನೋಂದಣಿ ಸಂಖ್ಯೆಯಿರುವುದು ಮಾತ್ರ.

ಬಡ ರೈತನಿಗೆ ಅದು ನಿಲುಕುತ್ತದೆಯೇ ಎಂಬ ಪ್ರಶ್ನೆಯನ್ನು ಗೌಡರೇ ಎತ್ತಿದರು. “ಮೇಷ್ಟ್ರೇ, ಇನ್ನೂರೈವತ್ತು ರೂಪಾಯಿಗೆ ಬೆಳಕು ಸಿಗೋವಾಗ ಸಾವಿರ ಯಾರು ಕೊಡ್ತಾರೆ?” ಎಂದರು. ಅವರ ಅನುಮಾನ ನ್ಯಾಯವಾದುದು. ೨೦೨೪ರ ಫೆಬ್ರವರಿ ೧೦ರ ಬೆಳಗ್ಗೆ ಮಾನಂದವಾಡಿಯ ಪಡಮಲೆಯಲ್ಲಿ, ಕರ್ನಾಟಕದ ಅರಣ್ಯ ಇಲಾಖೆ ರೇಡಿಯೋ ಕಾಲರ್ ತೊಡಿಸಿ ಬಿಟ್ಟಿದ್ದ ಕಾಡಾನೆ ಮನೆಯೊಂದರ ಅಂಗಳಕ್ಕೇ ನುಗ್ಗಿ ಮನುಷ್ಯನನ್ನು ತುಳಿದು ಕೊಂದ ಮೇಲೆ, ಕತ್ತಲಿರುವಾಗ ಹಾಲು ಒಯ್ಯುವವರೆಲ್ಲ ತಲೆಗೆ ಬೆಳಕು ಕಟ್ಟಿಯೇ ಹೊರಡುತ್ತಾರೆಂದು ಅವರೇ ಹೇಳಿದರು. (ಆನೆಯ ಕಣ್ಣಿಗೆ ನೇರವಾಗಿ ಬೆಳಕು ಹಾಯಿಸಬಾರದು, ದಾರಿಯ ಮೇಲೆ ಹಾಯಿಸಬೇಕು ಎಂಬುದನ್ನೂ ಅವರೇ ತಿಳಿಸಿದರು, ನನಗೆ ಅದು ಗೊತ್ತಿರಲಿಲ್ಲ.) ಅದೇ ವರ್ಷದ ಜುಲೈ ೩೦ರ ಬೆಳಗಿನ ಜಾವದಲ್ಲಿ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಗುಡ್ಡ ಕುಸಿದು ಬಂದಾಗ, ವಿದ್ಯುತ್ ಕಂಬಗಳೆಲ್ಲ ಮಣ್ಣುಪಾಲಾದ ಆ ಕತ್ತಲಲ್ಲಿ ಮೊದಲು ಓಡಿದ ನೆರೆಯೂರಿನವರ ಕೈಯಲ್ಲಿ ಇದ್ದುದು ಮೊಬೈಲು ಮತ್ತು ಟಾರ್ಚುಗಳ ಬೆಳಕು. ಬೆಂಗಳೂರಿನಿಂದ ಹೋದ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಗಲಿರುಳು ದುಡಿದು ೧೯೦ ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ ೧ರಂದು ನಿಲ್ಲಿಸಿದರು. ಅದಕ್ಕೆ ಮುಂಚಿನ ಕತ್ತಲೆಯಲ್ಲಿ ಊರವರಿಗೆ ಇದ್ದ ಆಸರೆ ಜೇಬಿನ ಬೆಳಕು. ವಯನಾಡಿನಲ್ಲಿ ಟಾರ್ಚು ಛತ್ರಿಯಷ್ಟೇ ಅವಶ್ಯ.

ಅವಶ್ಯವಾದುದನ್ನು ಒಬ್ಬೊಬ್ಬನೂ ಸಂತೆಯಲ್ಲಿ ತನ್ನ ಅದೃಷ್ಟದಂತೆ ಕೊಳ್ಳುವ ಬದಲು, ಪಶು ಆಹಾರವನ್ನು ಸಗಟಾಗಿ ತರಿಸುವ ಹಾಲಿನ ಸಂಘವೇ ನೂರಿನ್ನೂರು ಹೆಡ್‌ಲೈಟುಗಳನ್ನು ನೋಂದಾಯಿತ ತಯಾರಕನಿಂದ, ಬಿಲ್ಲು ಮತ್ತು ಖಾತರಿ ಸಹಿತ ತರಿಸಿ, ಹಾಲಿನ ಹಣದಲ್ಲಿ ಕಂತಾಗಿ ಮುರಿದುಕೊಂಡರೆ ಸಾವಿರದ ಭಾರ ಯಾರ ಹೆಗಲಿಗೂ ಗೊತ್ತಾಗುವುದಿಲ್ಲ. ಗಡಿಯ ಈಚೆ ಚಾಮರಾಜನಗರದ ಸಂಘಗಳೂ ಇದನ್ನು ಮಾಡಬಹುದು. ಆನೆಗೆ ರಾಜ್ಯದ ಗಡಿ ತಿಳಿಯದು, ಜೊಳ್ಳು ಸೆಲ್ಲಿಗೂ ತಿಳಿಯದು. ಇನ್ನು ಸರ್ಕಾರದ ಅಧಿಕಾರಿಗಳು. ವೇಪ್ ಹುಡುಕಿ ಶಾಲೆಯ ಸುತ್ತಣ ಅಂಗಡಿಗಳನ್ನು ತಪಾಸಣೆ ಮಾಡುವವರು, ಅದೇ ಗಲ್ಲಾದ ಪಕ್ಕದ ಬುಟ್ಟಿಯತ್ತಲೂ ಒಮ್ಮೆ ಕಣ್ಣು ಹಾಯಿಸಿ, ಸಂಖ್ಯೆಯಿಲ್ಲದ ಸೆಲ್ಲನ್ನು ತೆಗೆಯಿಸಲು ಪ್ರತ್ಯೇಕ ಶಾಸನವೇನೂ ಬೇಕಾಗಿಲ್ಲ. ಅಗ್ಗದ ಸೆಲ್ಲಿನ ಅಗ್ಗವೂ ಒಂದು ಭ್ರಮೆ. ಅದು ಒಂದು ಗಂಟೆಯಲ್ಲಿ ಮಂಕಾಗಿ ಮೂರು ತಿಂಗಳಲ್ಲಿ ಸಾಯುತ್ತದೆ. ಗೌಡರು ಐದು ವರ್ಷಗಳಲ್ಲಿ ಕೊಂಡ ಇನ್ನೂರೈವತ್ತರ ಹೆಡ್‌ಲೈಟುಗಳನ್ನು ನಾವು ಜಗುಲಿಯ ಮೇಲೆ ಕುಳಿತು ಎಣಿಸಿದೆವು: ಒಂಬತ್ತು. ಪರದೆಯ ಬೆಲೆಯನ್ನು ಸೇರಿಸಿಲ್ಲ.

ರಾತ್ರಿ ಒಂಬತ್ತಕ್ಕೆ ಬಂಡೀಪುರದ ಹೆದ್ದಾರಿಯ ಗೇಟು ಮುಚ್ಚುವುದರಿಂದ ನಾನು ಬೇಗನೆ ಹೊರಡಬೇಕಾಗಿತ್ತು. ಕೆಂಪು ಸೆಲ್ಲನ್ನು ಏನು ಮಾಡುವುದೆಂಬ ಸಮಸ್ಯೆ ಉಳಿದಿತ್ತು. ಮೊಮ್ಮಗ ಅದರ ಎರಡು ತುದಿಗಳಿಗೂ ಕರೆಂಟಿನ ಟೇಪು ಸುತ್ತಿದನು. ೨೦೨೨ರ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ಇದನ್ನು ಮನೆಯ ಕಸಕ್ಕೆ ಸೇರಿಸುವಂತಿಲ್ಲ, ತಯಾರಕನೇ ಹಿಂದಕ್ಕೆ ಪಡೆಯಬೇಕು ಎಂದು ನಾನು ಉಪನ್ಯಾಸ ಮಾಡಿದೆ; ತಯಾರಕನ ಹೆಸರೇ ಇಲ್ಲದ ಸೆಲ್ಲಿನ ವಿಷಯದಲ್ಲಿ ಆ ಉಪನ್ಯಾಸದ ವೈಯರ್ಥ್ಯ ಮಾತು ಮುಗಿಯುವ ಮೊದಲೇ ನನಗೆ ಹೊಳೆಯಿತು. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮಸೇನೆಯ ಹೆಂಗಸರನ್ನು ಕೇಳಿ ನೋಡೋಣ, ಅಲ್ಲಿಯವರೆಗೆ ಎಲ್ಲಾದರೂ ಇಡಿ ಎಂದೆ.

“ಬಿಸಿಲಿಗೆ ಇಡಬಾರದು, ಒಲೆಗೆ ಹಾಕಬಾರದು, ಕಸಕ್ಕೂ ಬೇಡ, ಡಬ್ಬಿಗೂ ಬೇಡ. ಮತ್ತೆಲ್ಲಿ ಇಡೋದು ಇದನ್ನ?” ಎಂದು ಅಜ್ಜಿ ಕೇಳಿದರು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಬಾಯಿ ಒಡೆದ ಒಂದು ಉಪ್ಪಿನಕಾಯಿಯ ಭರಣಿಯನ್ನು ತಂದು, ಸೆಲ್ಲನ್ನು ಅದರೊಳಗೆ ಇಳಿಸಿ, ಹುಲ್ಲಿನ ಮೆದೆಗೆ ದೂರವಾಗಿ ಬಚ್ಚಲ ಹಿಂದಿನ ಕಲ್ಲಿನ ಮೇಲೆ ಇಟ್ಟು ಬಂದರು.

“ಮಾವಿನ ಮಿಡಿ ಬರೋವರೆಗೂ ಇರಲಿ,” ಎಂದರು. “ಆಮೇಲೆ ನನ್ನ ಭರಣಿ ನನಗೆ ಬೇಕು.”